‘ಕೆ-ಆನ್!’ ಅನಿಮೆಯ ಮೊದಲ ನೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಶಾಲಾ ಜೀವನವನ್ನು ಕುರಿತ ಅನಿಮೆಗಳ, ಅಂದರೆ ಜಪಾನಿ ಅನಿಮೇಷನ್ ಸರಣಿಗಳ, ಮಾತು ಬಂದಲ್ಲೆಲ್ಲ ‘ಕೆ-ಆನ್!’ ಸರಣಿಯ ಹೆಸರು ಬೇಗನೆ ಕಿವಿಗೆ ಬೀಳುತ್ತದೆ. ಅಷ್ಟೇ ಬೇಗನೆ, ಎರಡು ಮೂರು ಕಂತು ನೋಡಿ ಕೈಬಿಟ್ಟವರಿಂದ ‘ಅದರಲ್ಲೇನಿದೆ?’ ಎಂಬ ಮಾತೂ ಕೇಳಿಬರುತ್ತದೆ. ಮೊದಲ ಸೀಸನ್ನಿನ ಅರ್ಧವನ್ನಷ್ಟೇ ನೋಡಿರುವವರು ಮತ್ತು ನೋಡಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮುಂದಿನ ಕಂತುಗಳ ತಿರುವುಗಳನ್ನು, ಅವು ಇರುವುದೇ ಕಡಿಮೆಯಾದರೂ, ಬಿಟ್ಟುಕೊಟ್ಟಿಲ್ಲ.

ಸರಣಿಯ ಕಥೆ ಏನು?

ಸಕುರಾಗಾವೊಕ ಎಂಬ ಬಾಲಕಿಯರ ಹೈಸ್ಕೂಲಿನಲ್ಲಿ ಲಘು ಸಂಗೀತದ (ಅಲ್ಲಿನ ಅರ್ಥದಲ್ಲಿ ಪಾಪ್, ರಾಕ್ ಸಂಗೀತದ) ಕ್ಲಬ್ಬೊಂದಿದೆ. ಅದರ ಹಳೆಯ ಸದಸ್ಯೆಯರೆಲ್ಲ ಓದು ಮುಗಿಸಿ ಹೊರಹೋಗಿದ್ದಾರೆ. ಕನಿಷ್ಠ ನಾಲ್ವರು ಹೊಸದಾಗಿ ಸೇರದಿದ್ದರೆ ಕ್ಲಬ್ ರದ್ದಾಗುತ್ತದೆ. ಡ್ರಮ್ಸ್ ಬಾರಿಸುವ ರಿತ್ಸು ತೈನಾಕ, ಸಾಹಿತ್ಯ ಕ್ಲಬ್ ಸೇರಬೇಕೆಂದಿದ್ದ ಬಾಲ್ಯದ ಗೆಳತಿ ಮಿಯೊ ಅಕಿಯಾಮಳನ್ನು ಅಕ್ಷರಶಃ ಎಳೆದುಕೊಂಡು ಬರುತ್ತಾಳೆ. ಗಾಯನವೃಂದದ ಕ್ಲಬ್ ಹುಡುಕಿಕೊಂಡು ಬಂದ ತ್ಸುಮುಗಿ ಕೊತೊಬುಕಿ ಇವರಿಬ್ಬರ ಜಗಳವನ್ನು ಕಂಡು ನಕ್ಕು ಅಲ್ಲೇ ಉಳಿದುಬಿಡುತ್ತಾಳೆ. ನಾಲ್ಕನೆಯವಳಾದ ಯುಯಿ ಹಿರಾಸಾವಳಿಗೆ ಯಾವ ವಾದ್ಯವೂ ಬಾರದು. ಲಘು ಸಂಗೀತವೆಂದರೆ ಸುಲಭದ ಸಂಗೀತವಿರಬೇಕೆಂದು ತಿಳಿದು ಅರ್ಜಿ ಹಾಕಿದವಳು ಅವಳು. ಅರ್ಜಿಯನ್ನು ಹಿಂದೆಗೆದುಕೊಳ್ಳಲು ಬಂದವಳನ್ನು ಉಳಿದ ಮೂವರು ಚಹಾ, ಕೇಕು ಮತ್ತು ಒಂದು ಹಾಡಿನಿಂದ ಉಳಿಸಿಕೊಳ್ಳುವುದೇ ಮೊದಲ ಕಂತು. ಅಲ್ಲಿಂದ ಮುಂದೆ ಮೂರು ವರ್ಷಗಳ ಶಾಲಾ ದಿನಗಳು ಸಾಗುತ್ತವೆ.

ಮೂಲವು ಕಾಕಿಫ್ಲೈ ಎಂಬ ಕಾವ್ಯನಾಮದವರು ಹೊಬುನ್‌ಶಾ ಪ್ರಕಾಶನದ ಮಾಸಿಕದಲ್ಲಿ 2007ರಿಂದ ಬರೆದ ನಾಲ್ಕು ಚೌಕಗಳ ಹಾಸ್ಯ ಮಂಗಾ (ಜಪಾನಿ ಕಾಮಿಕ್ಸ್). ಅನಿಮೆ ರೂಪವನ್ನು ಕ್ಯೋಟೋ ಅನಿಮೇಷನ್ ಸಂಸ್ಥೆ 2009ರಲ್ಲಿ ನಿರ್ಮಿಸಿತು. ನಿರ್ದೇಶಕಿ ನವೋಕೊ ಯಮಾದಾ ಅವರಿಗೆ ಇದು ಮೊದಲ ಸರಣಿ. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಚಿತ್ರಕಥೆಯ ಹೊಣೆ ರೇಕೊ ಯೋಶಿದಾ ಅವರದು, ಪಾತ್ರಗಳ ರೂಪವಿನ್ಯಾಸ ಯುಕಿಕೊ ಹೊರಿಗುಚಿ ಅವರದು.

ಮೊದಲ ಕಂತುಗಳಲ್ಲಿ ಏನೂ ನಡೆಯುವುದೇ ಇಲ್ಲವಲ್ಲ?

ಘಟನೆಗಳ ಲೆಕ್ಕದಲ್ಲಿ ನೋಡಿದರೆ ಈ ದೂರು ನ್ಯಾಯವಾದದ್ದೇ. ಎರಡನೆಯ ಕಂತಿನಲ್ಲಿ ಒಂದು ಗಿಟಾರು ಖರೀದಿಯಾಗುತ್ತದೆ, ಮೂರನೆಯದರಲ್ಲಿ ಒಂದು ಮರುಪರೀಕ್ಷೆ ನಡೆಯುತ್ತದೆ, ನಾಲ್ಕನೆಯದರಲ್ಲಿ ಎಲ್ಲರೂ ಸಮುದ್ರ ತೀರದ ಬಂಗಲೆಯೊಂದಕ್ಕೆ ಹೋಗಿಬರುತ್ತಾರೆ. ಖಳನಿಲ್ಲ, ಗುಟ್ಟಿಲ್ಲ, ಗೆಲ್ಲಬೇಕಾದ ಸ್ಪರ್ಧೆಯೂ ಇಲ್ಲ. ನಾಲ್ಕು ಚೌಕಗಳ ಮಂಗಾದಲ್ಲಿ ಪ್ರತಿ ಪಟ್ಟಿಯೂ ಒಂದು ನಗೆಯೊಂದಿಗೆ ಮುಗಿದುಹೋಗುವುದರಿಂದ, ಅದನ್ನು ಇಪ್ಪತ್ತನಾಲ್ಕು ನಿಮಿಷಗಳ ಕಂತಿಗೆ ಹಿಗ್ಗಿಸುವವರು ನಗೆ ಮತ್ತು ನಗೆಯ ನಡುವಿನ ಬಿಡುವನ್ನು ಯಾವುದರಿಂದಲಾದರೂ ತುಂಬಲೇಬೇಕಾಗುತ್ತದೆ. ಬೇರೆ ಸ್ಟುಡಿಯೊಗಳಾಗಿದ್ದರೆ ಅಲ್ಲಿ ಕಥೆಯನ್ನು ತುರುಕುತ್ತಿದ್ದವು. ಯಮಾದಾ ಅಲ್ಲಿ ಚಲನೆಯನ್ನು ತುಂಬಿದರು. ನನ್ನ ಎಣಿಕೆಯಲ್ಲಿ ಈ ಸರಣಿಯ ಸ್ವಂತಿಕೆ ಇರುವುದು ಇಲ್ಲಿಯೇ, ಮೊದಲ ನೋಟಕ್ಕೆ ತಪ್ಪಿಹೋಗುವುದೂ ಇದೇ.

ಮೊದಲ ಕಂತಿನ ಆರಂಭವನ್ನೇ ಗಮನಿಸಬಹುದು. ತಡವಾಯಿತೆಂದು ಯುಯಿ ಬ್ರೆಡ್ಡಿನ ತುಂಡನ್ನು ಬಾಯಲ್ಲಿ ಕಚ್ಚಿಕೊಂಡು ಮನೆಯಿಂದ ಓಡುತ್ತಾಳೆ, ದಾರಿಯಲ್ಲಿ ಕಂಡಕಂಡದ್ದಕ್ಕೆ ಮನಸೋತು ನಿಲ್ಲುತ್ತಾಳೆ; ಶಾಲೆ ತಲಪಿದ ಮೇಲೆ, ಗಡಿಯಾರವನ್ನು ತಪ್ಪಾಗಿ ಓದಿ ಒಂದು ಗಂಟೆ ಮೊದಲೇ ಬಂದಿದ್ದೇನೆಂದು ಗೊತ್ತಾಗುತ್ತದೆ. ಬ್ರೆಡ್ಡು ಕಚ್ಚಿ ಓಡುವ ಹುಡುಗಿ ಶಾಲಾ ಮಂಗಾಗಳ ಸವೆದುಹೋದ ದೃಶ್ಯ. ಆದರೆ ಇಲ್ಲಿ ಅವಳು ಓಡುವ ರೀತಿ, ಎಡವಿ ಸಾವರಿಸಿಕೊಳ್ಳುವ ರೀತಿ, ನಿಂತು ಮತ್ತೆ ಓಡುವ ರೀತಿಗಳಲ್ಲೇ ಅವಳ ಸ್ವಭಾವವೆಲ್ಲ ಒಂದು ಮಾತೂ ಇಲ್ಲದೆ ಹೇಳಿಯಾಗುತ್ತದೆ.

ಯಮಾದಾ ಅವರ ಕ್ಯಾಮೆರಾ ಮುಖಗಳಿಗಿಂತ ಹೆಚ್ಚಾಗಿ ಕಾಲುಗಳ ಕಡೆಗೆ ಹೋಗುತ್ತದೆ: ಕುರ್ಚಿಯ ಕೆಳಗೆ ತೂಗುವ ಪಾದಗಳು, ನಾಚಿಕೆಯಾದಾಗ ಒಂದಕ್ಕೊಂದು ಸೇರುವ ಮಂಡಿಗಳು, ಹೊರಡಲೋ ಬೇಡವೋ ಎಂದು ಅನುಮಾನಿಸುವ ಬೂಟುಗಳು. ಮುಖದಲ್ಲಿ ನಗುವಿದ್ದಾಗಲೂ ಕಾಲು ನಿಜ ಹೇಳಿಬಿಡುತ್ತದೆ. ಅವರ ನಂತರದ ಚಿತ್ರಗಳಾದ ‘ಎ ಸೈಲೆಂಟ್ ವಾಯ್ಸ್’ (2016) ಮತ್ತು ‘ಲಿಜ್ ಅಂಡ್ ದ ಬ್ಲೂ ಬರ್ಡ್’ (2018) ನೋಡಿದವರಿಗೆ ಈ ಅಭ್ಯಾಸ ಪರಿಚಿತವೇ ಆಗಿರುತ್ತದೆ. ಅದು ಇಲ್ಲಿ ಹಗುರ ಹಾಸ್ಯದ ನಡುವೆ ಮೊಳೆಯುತ್ತಿದೆ.

ಇವರು ಅಭ್ಯಾಸವನ್ನೇ ಮಾಡುವುದಿಲ್ಲ. ಇದು ಸಂಗೀತದ ಸರಣಿ ಹೇಗಾಗುತ್ತದೆ?

ಸಂಗೀತ ಕಲಿತವರು ಅತಿ ಹೆಚ್ಚು ಕಿರಿಕಿರಿಪಡುವುದು ಈ ವಿಷಯದಲ್ಲಿಯೇ, ಮತ್ತು ಅವರ ಕಿರಿಕಿರಿ ಅಕಾರಣವಲ್ಲ. ಕ್ಲಬ್ಬಿನ ಕೋಣೆಯಲ್ಲಿ ದಿನದ ಹೆಚ್ಚಿನ ಹೊತ್ತು ತ್ಸುಮುಗಿ ತಂದ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿಯುವುದರಲ್ಲೇ ಕಳೆಯುತ್ತದೆ. ಮೂರನೆಯ ಕಂತಿನಲ್ಲಂತೂ, ಮರುಪರೀಕ್ಷೆಗಾಗಿ ಕುಳಿತು ಓದಿದ ಯುಯಿ ನೂರಕ್ಕೆ ನೂರು ಪಡೆಯುತ್ತಾಳೆ, ಆದರೆ ಅಷ್ಟರಲ್ಲಿ ಕಲಿತಿದ್ದ ಗಿಟಾರಿನ ಸ್ವರಗುಚ್ಛಗಳನ್ನೆಲ್ಲ ಮರೆತುಬಿಡುತ್ತಾಳೆ. ಗುರುವಿನ ಎದುರು ವರ್ಷಗಟ್ಟಲೆ ಕುಳಿತು ಸಾಧನೆ ಮಾಡುವುದೇ ಸಂಗೀತವೆಂದು ಬೆಳೆದ ನಮ್ಮಂಥವರಿಗೆ ಇದು ಉಡಾಫೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಸರಣಿ ಈ ಬಗ್ಗೆ ತನ್ನ ನಿಲುವನ್ನು ಮೊದಲ ಕಂತಿನಲ್ಲೇ ತಿಳಿಸಿಬಿಡುತ್ತದೆ. ಯುಯಿಯನ್ನು ಒಲಿಸಲು ಮೂವರೂ ನುಡಿಸುವುದು ಜಪಾನಿನ ಶಾಲೆಗಳಲ್ಲಿ ಮಕ್ಕಳು ಒಟ್ಟಾಗಿ ಹಾಡುವ, 1971ರ ‘ತ್ಸುಬಾಸಾ ಓ ಕುದಸಾಯ್’ ಎಂಬ ಹಾಡನ್ನು. ಕೇಳಿದ ಬಳಿಕ ಯುಯಿ ಮುಚ್ಚುಮರೆಯಿಲ್ಲದೆ ಹೇಳುವುದು, ನೀವು ಅಷ್ಟೇನೂ ಚೆನ್ನಾಗಿ ನುಡಿಸುವುದಿಲ್ಲ ಎಂದು. ಆದರೂ ನುಡಿಸುವಾಗ ಅವರಿಗೆ ಸಿಕ್ಕ ಖುಷಿಯನ್ನು ಕಂಡೇ ಅವಳು ಸೇರುತ್ತಾಳೆ. ನೈಪುಣ್ಯದ ಮಹತ್ವಾಕಾಂಕ್ಷೆಯ ಕಥೆ ಇದಲ್ಲವೆಂಬ ಒಪ್ಪಂದ ಅಲ್ಲಿಗೇ ಮುಗಿಯಿತು. ಜೊತೆಯಾಗಿ ಕಳೆಯುವ ಹೊತ್ತಿಗೆ ಸಂಗೀತ ಇಲ್ಲಿ ನೆಪವೂ ಹೌದು, ಆ ಹೊತ್ತಿನ ಫಲವೂ ಹೌದು.

ಅಭ್ಯಾಸದ ಪ್ರಶ್ನೆಯನ್ನು ಸರಣಿ ಮರೆತಿಲ್ಲ ಎಂಬುದನ್ನೂ ಹೇಳಬೇಕು. ಮೊದಲಿನಿಂದ ಅದನ್ನು ಎತ್ತುವವಳು ಮಿಯೊ. ಎಂಟನೆಯ ಕಂತಿನಲ್ಲಿ ಬರುವ ಕಿರಿಯ ಸದಸ್ಯೆ ಅಜುಸಾ ನಕಾನೊ ಪ್ರೇಕ್ಷಕರ ಪರವಾಗಿಯೇ ಎಂಬಂತೆ ಅದನ್ನು ಖಾರವಾಗಿ ಕೇಳುತ್ತಾಳೆ. ನಿಜವಾಗಿ ಚೆನ್ನಾಗಿ ನುಡಿಸಬಲ್ಲ, ಅಭ್ಯಾಸವೇ ಮುಖ್ಯವೆಂದು ನಂಬಿದ ಹುಡುಗಿಯೊಬ್ಬಳು ಈ ಸೋಮಾರಿಗಳ ನಡುವೆ ಏಕೆ ಉಳಿಯುತ್ತಾಳೆ ಎಂಬುದನ್ನು ಅವಳಿಂದಲೇ ಹೇಳಿಸುವ ಕಂತು ಮೊದಲ ಸೀಸನ್ನಿನ ಗಟ್ಟಿ ಭಾಗಗಳಲ್ಲೊಂದು.

ಯುಯಿ ಪಾತ್ರ ಸ್ವಲ್ಪ ಅತಿಯಾಯಿತಲ್ಲವೇ?

ಮೊದಲ ಮೂರು ಕಂತುಗಳಲ್ಲಿ ಅತಿಯೇ. ಅವಳ ಮರೆವು ಮತ್ತು ಪೆದ್ದುತನಗಳನ್ನು ಬರಹಗಾರರು ಅಗತ್ಯಕ್ಕಿಂತ ಹೆಚ್ಚು ಬಾರಿ ನಗೆಗೆ ಬಳಸಿಕೊಂಡಿದ್ದಾರೆ. ಅಕ್ಕನನ್ನು ತಾಯಿಯಂತೆ ನೋಡಿಕೊಳ್ಳುವ ತಂಗಿ ಉಯಿ ಬಂದ ಮೇಲೆ ಮಾತ್ರ ಆ ಪೆದ್ದುತನಕ್ಕೊಂದು ಮನೆಯ ಹಿನ್ನೆಲೆ ಸಿಗುತ್ತದೆ: ಯಾರ ಪ್ರೀತಿಯ ಬಗೆಗೂ ಅನುಮಾನಪಡಬೇಕಾಗಿ ಬರದ ಹುಡುಗಿ ಇವಳೆಂದು ತಿಳಿಯುತ್ತದೆ. ಧ್ವನಿ ಕೊಟ್ಟ ಅಕಿ ತೊಯೊಸಾಕಿ ಅವರು ಎಳೆದೆಳೆದು ಆಡುವ ಮಾತಿನ ಲಯ ಕಿವಿಗೆ ಒಗ್ಗಲು ಸ್ವಲ್ಪ ಸಮಯ ಬೇಕು.

ಎಲ್ಲರ ಮುಖವೂ ಒಂದೇ ತರಹ ಕಾಣುತ್ತದೆ. ಗುರುತು ಹಿಡಿಯುವುದು ಹೇಗೆ?

ವಾದ್ಯದಿಂದ. ಯುಯಿಯದು ಗಿಬ್ಸನ್ ಲೆಸ್ ಪಾಲ್ ಗಿಟಾರು, ಎಡಚಳಾದ ಮಿಯೊಳದು ಎಡಗೈಯ ಫೆಂಡರ್ ಜಾಜ್ ಬೇಸ್, ತ್ಸುಮುಗಿಯದು ಕೊರ್ಗ್ ಕೀಬೋರ್ಡು, ರಿತ್ಸುಳದು ಯಮಾಹಾ ಡ್ರಮ್ಸ್, ಅಜುಸಾಳದು ಕೆಂಪು ಫೆಂಡರ್ ಮಸ್ಟಾಂಗ್ ಗಿಟಾರು. ಕಲ್ಪಿತ ವಾದ್ಯಗಳನ್ನು ಬರೆಯದೆ, ಮಾರುಕಟ್ಟೆಯಲ್ಲಿ ಸಿಗುವ ಮಾದರಿಗಳನ್ನೇ ಗುಬುಟಿಗಳ ಜಾಗವೂ ತಪ್ಪದಂತೆ ಬಿಡಿಸಿದ್ದಾರೆ. ಐವರ ಕುಲನಾಮಗಳು ಪಿ-ಮಾಡೆಲ್ ಎಂಬ ಜಪಾನಿ ವಾದ್ಯತಂಡದ ಸದಸ್ಯರಿಂದ ಬಂದವು ಎಂಬುದು ರಾಕ್ ಸಂಗೀತ ಬಲ್ಲವರಿಗಾಗಿ ಇಟ್ಟ ಸಣ್ಣ ಚೇಷ್ಟೆ.

ಹದಿನೈದರ ಹುಡುಗಿಗೆ ಅಷ್ಟು ದುಬಾರಿ ಗಿಟಾರು ಹೇಗೆ ಸಿಕ್ಕಿತು? ನಂಬುವುದು ಕಷ್ಟ.

ಅಂಗಡಿಯಲ್ಲಿ ಅದರ ಬೆಲೆ 2,50,000 ಯೆನ್, ಯುಯಿಯ ಕೈಯಲ್ಲಿರುವುದು 50,000. ಮಿಕ್ಕ ಹಣಕ್ಕಾಗಿ ನಾಲ್ವರೂ ರಸ್ತೆಬದಿಯಲ್ಲಿ ಕುಳಿತು ವಾಹನಗಳನ್ನು ಎಣಿಸುವ ತಾತ್ಕಾಲಿಕ ಕೆಲಸ ಮಾಡುತ್ತಾರೆ. ಹೋಗುವ ಬರುವ ವಾಹನಗಳಿಗೆಲ್ಲ ಕೈಯಲ್ಲಿನ ಎಣಿಕೆಯ ಗುಂಡಿ ಒತ್ತುವ ಆ ಕೆಲಸ ಜಪಾನಿನಲ್ಲಿ ವಿದ್ಯಾರ್ಥಿಗಳು ನಿಜಕ್ಕೂ ಮಾಡುವಂಥದ್ದು. ಅದರಿಂದಲೂ ಹಣ ಸಾಲದಾದಾಗ ತ್ಸುಮುಗಿ ಅಂಗಡಿಯವನೊಂದಿಗೆ ಚೌಕಾಸಿಗಿಳಿಯುತ್ತಾಳೆ, ಮತ್ತು ಆ ಅಂಗಡಿ ಅವಳ ಅಪ್ಪನ ಕಂಪನಿಗೇ ಸೇರಿದ್ದೆಂದು ತಿಳಿಯುತ್ತದೆ. ನಂಬಲು ಕಷ್ಟವೆನ್ನುವವರ ಮಾತು ಸರಿ. ಶ್ರೀಮಂತ ಗೆಳತಿಯೊಬ್ಬಳು ಎಲ್ಲ ಆರ್ಥಿಕ ತೊಡಕುಗಳನ್ನೂ ಬಿಡಿಸಿಬಿಡುವುದು ಈ ಸರಣಿಯ ದುರ್ಬಲ ಕೊಂಡಿ. ಬಂಗಲೆ, ಚಹಾ, ಕೇಕು ಎಲ್ಲವೂ ಅದೇ ಮೂಲದಿಂದ ಬರುತ್ತವೆ. ಹಣದ ಚಿಂತೆಯನ್ನು ಹೀಗೆ ಬದಿಗೆ ಸರಿಸದಿದ್ದರೆ ಈ ಬಗೆಯ ನಿಶ್ಚಿಂತೆಯ ಚಿತ್ರಣ ಸಾಧ್ಯವಾಗುತ್ತಿರಲಿಲ್ಲ ಎಂಬುದೂ ನಿಜ, ಆದರೆ ಅದು ಸಮರ್ಥನೆಯಾಗಲಾರದು.

ಜಪಾನಿನ ಶಾಲೆಯ ಪದ್ಧತಿಗಳು ಗೊತ್ತಿಲ್ಲದಿದ್ದರೆ ಅರ್ಥವಾಗುತ್ತದೆಯೇ?

ಹಾಸ್ಯ ಅರ್ಥವಾಗುತ್ತದೆ, ಒಳಗಿನ ಆತಂಕ ಅರ್ಥವಾಗಬೇಕಾದರೆ ಕೆಲವು ಸಂಗತಿಗಳು ತಿಳಿದಿರಬೇಕು. ಜಪಾನಿನಲ್ಲಿ ಹೈಸ್ಕೂಲು ಮೂರು ವರ್ಷಗಳದು, ಹದಿನೈದರಿಂದ ಹದಿನೆಂಟರ ವಯಸ್ಸಿನವರದು. ಅಂದರೆ ನಮ್ಮಲ್ಲಿ ಹತ್ತನೆಯ ತರಗತಿ ಮತ್ತು ಪಿಯುಸಿಯ ಎರಡು ವರ್ಷಗಳಿಗೆ ಹತ್ತಿರದ ಕಾಲ. ಶಾಲಾ ವರ್ಷ ಏಪ್ರಿಲ್‌ನಲ್ಲಿ, ಚೆರ್ರಿ ಹೂವಿನ ಹೊತ್ತಿಗೆ ಶುರುವಾಗಿ ಮಾರ್ಚಿಯಲ್ಲಿ ಬೀಳ್ಕೊಡುಗೆಯೊಂದಿಗೆ ಮುಗಿಯುತ್ತದೆ. ಪಾಠ ಮುಗಿದ ಮೇಲೆ ನಡೆಯುವ ಕ್ಲಬ್ ಚಟುವಟಿಕೆಯನ್ನು ಅಲ್ಲಿ ಬುಕಾತ್ಸು ಎನ್ನುತ್ತಾರೆ. ಅದು ಹಾಡು ಕುಣಿತದ ಹವ್ಯಾಸವೆಂದಷ್ಟೇ ತಿಳಿಯಬಾರದು. ಕ್ಲಬ್ಬಿಗೊಂದು ಕೋಣೆ, ಸಲಹೆಗಾರರಾಗಿ ಒಬ್ಬ ಶಿಕ್ಷಕರು, ವಿದ್ಯಾರ್ಥಿ ಪರಿಷತ್ತಿನಿಂದ ಅಧಿಕೃತ ಮಾನ್ಯತೆ ಇರಬೇಕು. ಅರ್ಜಿ ನಮೂನೆಯನ್ನು ಸಕಾಲಕ್ಕೆ ಕೊಡಲು ರಿತ್ಸು ಮರೆಯುವುದು ಮತ್ತೆ ಮತ್ತೆ ತೊಂದರೆಯಾಗುವುದು ಇದೇ ಕಾರಣಕ್ಕೆ. ಐದನೆಯ ಕಂತಿನಲ್ಲಿ ಸಾವಾಕೊ ಯಮಾನಾಕ ಎಂಬ ಸೌಮ್ಯ ಸ್ವಭಾವದ ಸಂಗೀತ ಶಿಕ್ಷಕಿಯನ್ನು ಸಲಹೆಗಾರರಾಗಲು ಒಪ್ಪಿಸುವ ಪ್ರಸಂಗ ಬರುತ್ತದೆ. ಅವರ ಹಳೆಯ ಹೆವಿ ಮೆಟಲ್ ದಿನಗಳು ಬಯಲಾಗುವ ಆ ಕಂತಿನಷ್ಟು ನಗಿಸುವ ಭಾಗ ಮೊದಲ ಅರ್ಧದಲ್ಲಿ ಇನ್ನೊಂದಿಲ್ಲ.

ಶರತ್ಕಾಲದಲ್ಲಿ ಬರುವ ಶಾಲಾ ಸಾಂಸ್ಕೃತಿಕ ಉತ್ಸವವೇ ಇಂಥ ಕ್ಲಬ್ಬುಗಳ ವರ್ಷದ ಗುರಿ. ಊಟದ ಮಳಿಗೆಯಿಂದ ನಾಟಕದವರೆಗೆ ಎಲ್ಲವನ್ನೂ ವಿದ್ಯಾರ್ಥಿಗಳೇ ನಡೆಸುತ್ತಾರೆ. ಮೂರು ವರ್ಷಗಳೆಂದರೆ ಮೂರು ಉತ್ಸವಗಳು ಮಾತ್ರ. ಸಮವಸ್ತ್ರದ ಕೊರಳ ರಿಬ್ಬನ್ನಿನ ಬಣ್ಣ ಯಾರು ಯಾವ ವರ್ಷದವರೆಂದು ಹೇಳುತ್ತಲೇ ಇರುತ್ತದೆ, ಕಿರಿಯರು ಹಿರಿಯರನ್ನು ಕರೆಯುವ ಧಾಟಿಯೂ ಅದನ್ನೇ ನೆನಪಿಸುತ್ತದೆ. ಒಂದೇ ವರ್ಷ ಚಿಕ್ಕವಳಾದ ಅಜುಸಾ ಒಂದು ವರ್ಷ ಹಿಂದುಳಿದೇ ತೀರಬೇಕೆಂಬ ಸಂಗತಿ ಯಾರ ಬಾಯಿಂದಲೂ ಬರುವ ಮೊದಲೇ ಆ ರಿಬ್ಬನ್ನಿನಲ್ಲಿ ಇದೆ.

ಆ ಶಾಲೆಯ ಕಟ್ಟಡ ನಿಜವಾಗಿ ಇದೆಯೇ?

ಇದೆ. ಶಿಗಾ ಪ್ರಾಂತದ ತೊಯೊಸಾತೊ ಎಂಬ ಸಣ್ಣ ಪಟ್ಟಣದ ಹಳೆಯ ಪ್ರಾಥಮಿಕ ಶಾಲೆಯೇ ಸಕುರಾಗಾವೊಕದ ಮಾದರಿ. ಅದೇ ಶಾಲೆಯಲ್ಲಿ ಓದಿ ಮುಂದೆ ದೊಡ್ಡ ವ್ಯಾಪಾರ ಸಂಸ್ಥೆಯೊಂದರಲ್ಲಿ ಮೇಲಕ್ಕೇರಿದ ತೆತ್ಸುಜಿರೊ ಫುರುಕಾವಾ ಅವರ ದಾನದಿಂದ, 1905ರಲ್ಲಿ ಅಮೆರಿಕದಿಂದ ಜಪಾನಿಗೆ ಬಂದು ನೆಲೆಸಿದ ವಿಲಿಯಂ ಮೆರೆಲ್ ವೋರೀಸ್ ಅವರ ವಿನ್ಯಾಸದಲ್ಲಿ, 1937ರಲ್ಲಿ ಅದು ಕಟ್ಟಲ್ಪಟ್ಟಿತು. ಮೆಟ್ಟಿಲ ಕಟಕಟೆಯ ಮೇಲೆ ಮೊಲ ಮತ್ತು ಆಮೆಯ ಓಟದ ಕಥೆ ಹೇಳುವ ಕಂಚಿನ ಗೊಂಬೆಗಳಿವೆ. ಸರಣಿಯಲ್ಲಿ ಹುಡುಗಿಯರು ಕ್ಲಬ್ಬಿನ ಕೋಣೆಗೆ ಹತ್ತಿಹೋಗುವಾಗ ಪದೇ ಪದೇ ಕಾಣುವ ಆಮೆ ಅಲ್ಲಿಯದೇ. ಹೊಸ ಶತಮಾನದ ಆರಂಭದಲ್ಲಿ ಕಟ್ಟಡವನ್ನು ಕೆಡವಲು ಆಡಳಿತ ಹೊರಟಾಗ ಊರವರು ವಿರೋಧಿಸಿ ಉಳಿಸಿಕೊಂಡರು. ಅದು ಉಳಿದದ್ದು ಅನಿಮೆಯಿಂದಲ್ಲ. ಆದರೆ ಉಳಿದ ಕಟ್ಟಡಕ್ಕೆ ಯಾತ್ರಿಕರು ಬರತೊಡಗಿದ್ದು ಅನಿಮೆಯಿಂದ. ಮೂರನೆಯ ಮಹಡಿಯ ಸಂಗೀತ ಕೋಣೆಯಲ್ಲಿ ಈಗ ಮೇಜುಗಳನ್ನು ಸರಣಿಯಲ್ಲಿರುವಂತೆಯೇ ಜೋಡಿಸಿ, ಮೇಲೆ ಚಹಾ ಬಟ್ಟಲುಗಳನ್ನೂ ಇಟ್ಟಿದ್ದಾರೆ.

ಶಾಲೆ ಶಿಗಾದ್ದಾದರೂ ಬೀದಿಗಳು ಬಹುಪಾಲು ಕ್ಯೋಟೋ ನಗರದವು. ಗಿಟಾರು ಕೊಳ್ಳುವ ಅಂಗಡಿಗೂ ಸಾಂಜೋ ಬಡಾವಣೆಯ ನಿಜವಾದ ಸಂಗೀತದ ಅಂಗಡಿಯೊಂದು ಮಾದರಿ. ಟೋಕಿಯೊ ಬಿಟ್ಟು ಬೇರೆ ಊರಿದೆಯೆಂದು ಮರೆತಂತಿರುವ ಅನಿಮೆಗಳ ನಡುವೆ, ಕ್ಯೋಟೋ ಪಕ್ಕದ ಉಜಿಯಲ್ಲಿ ನೆಲೆಯಿರುವ ಸ್ಟುಡಿಯೊವೊಂದು ತನ್ನ ಸುತ್ತಲಿನ ಬೀದಿಗಳನ್ನೇ ಬರೆದದ್ದು ಸರಣಿಗೆ ನೆಲದ ವಾಸನೆ ಕೊಟ್ಟಿದೆ.

ಹಾಡುಗಳು ಹೇಗಿವೆ?

ಸರಣಿಯೊಳಗಿನ ತಂಡ ನುಡಿಸುವುದಕ್ಕಿಂತ ಶೀರ್ಷಿಕೆ ಗೀತೆಗಳು ಬಹಳ ಚೆನ್ನಾಗಿವೆ ಎಂದರೆ ಇಬ್ಬರಿಗೂ ಅನ್ಯಾಯವಾಗದು. ಮೊದಲ ಸೀಸನ್ನಿನ ಆರಂಭ ಗೀತೆ ಉಸಿರು ಕಟ್ಟುವ ವೇಗದ್ದು. ಮಿಯೊಗೆ ಧ್ವನಿ ಕೊಟ್ಟ ಯೊಕೊ ಹಿಕಾಸಾ ಮುಖ್ಯವಾಗಿ ಹಾಡಿರುವ ಮುಕ್ತಾಯ ಗೀತೆ ‘ಡೋಂಟ್ ಸೇ ಲೇಜಿ’ಯಲ್ಲಿ, ಕಂತಿನುದ್ದಕ್ಕೂ ಚಹಾ ಕುಡಿದ ಅದೇ ಹುಡುಗಿಯರು ವೃತ್ತಿಪರ ತಂಡದ ಗತ್ತಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಕಥೆಯೊಳಗಿನ ‘ಫುವಾ ಫುವಾ ಟೈಮ್’ಗೆ ಸಾಹಿತ್ಯ ಬರೆಯುವವಳು ನಾಚಿಕೆ ಸ್ವಭಾವದ ಮಿಯೊ, ಆ ಸಾಲುಗಳು ಎಷ್ಟು ಮೆತ್ತಗಿವೆಯೆಂದರೆ ಗೆಳತಿಯರಿಗೇ ಮುಜುಗರವಾಗುತ್ತದೆ. 2010ರಲ್ಲಿ ಎರಡನೆಯ ಸೀಸನ್ನಿನ ಆರಂಭ ಮತ್ತು ಮುಕ್ತಾಯ ಗೀತೆಗಳು ಜಪಾನಿನಲ್ಲಿ ಹಾಡುಗಳ ಮಾರಾಟವನ್ನು ಲೆಕ್ಕಹಾಕುವ ಓರಿಕಾನ್ ಸಂಸ್ಥೆಯ ವಾರದ ಪಟ್ಟಿಯಲ್ಲಿ ಮೊದಲ ಮತ್ತು ಎರಡನೆಯ ಸ್ಥಾನಗಳನ್ನು ಒಟ್ಟಿಗೆ ಹಿಡಿದವು.

ಹದಿಹರೆಯದ ಹುಡುಗಿಯರನ್ನು ಮುದ್ದುಗೊಂಬೆಗಳಂತೆ ತೋರಿಸಲಾಗಿದೆ ಎಂಬ ಆಕ್ಷೇಪಕ್ಕೆ ಏನು ಹೇಳುತ್ತೀರಿ?

ಆಕ್ಷೇಪದಲ್ಲಿ ಹುರುಳಿದೆ. ತಡರಾತ್ರಿ ಪ್ರಸಾರವಾದ, ಆರಂಭದಲ್ಲಿ ಬಹುಮಟ್ಟಿಗೆ ವಯಸ್ಕ ಪುರುಷ ಓದುಗರನ್ನು ನಂಬಿಕೊಂಡಿದ್ದ ಮಂಗಾ ಪತ್ರಿಕೆಯಿಂದ ಹುಟ್ಟಿದ ಸರಣಿಯಿದು. ಶಿಕ್ಷಕಿ ಸಾವಾಕೊ ವಿದ್ಯಾರ್ಥಿನಿಯರಿಗೆ ಬಗೆಬಗೆಯ ವೇಷ ತೊಡಿಸಲು ಹಟ ಹಿಡಿಯುವ ಪ್ರಸಂಗಗಳು, ಆರನೆಯ ಕಂತಿನ ಕೊನೆಯಲ್ಲಿ ಮಿಯೊ ವೇದಿಕೆಯ ಮೇಲೆ ಬೀಳುವುದನ್ನು ನಗೆಯಾಗಿಸಿದ ರೀತಿ, ಇವು ನನಗೆ ಇಂದಿಗೂ ಹಿಡಿಸುವುದಿಲ್ಲ. ಇದರ ಜೊತೆಗೇ ಗಮನಿಸಬೇಕಾದದ್ದೆಂದರೆ, ನಿರ್ದೇಶನ, ಚಿತ್ರಕಥೆ, ಪಾತ್ರ ವಿನ್ಯಾಸ ಮೂರೂ ಮಹಿಳೆಯರ ಕೈಯಲ್ಲಿದ್ದುದರಿಂದ ಒಟ್ಟಾರೆ ನೋಟ ಬೇರೆಯದೇ ಆಯಿತು. ಹುಡುಗಿಯರು ಪ್ರೇಮ ಪ್ರಕರಣದ ಹಂಗಿಲ್ಲದೆ, ಯಾರಿಗೋ ಚೆನ್ನಾಗಿ ಕಾಣಬೇಕೆಂಬ ಪ್ರಜ್ಞೆಯಿಲ್ಲದೆ, ಬಾಯ್ತುಂಬ ಕೇಕು ತುಂಬಿಕೊಂಡು ಕೂತಿರುವುದನ್ನು ಇಷ್ಟು ಸಲೀಸಾಗಿ ತೋರಿಸಿದ ಸರಣಿಗಳು ಆಗ ಹೆಚ್ಚಿರಲಿಲ್ಲ. ಎರಡನೆಯ ಸೀಸನ್ನಿಗೆ ಬರುವಾಗ ಆ ಹಳೆಯ ಚಾಳಿ ಬಹಳಷ್ಟು ಕಡಿಮೆಯಾಗುತ್ತದೆ.

ಯಾವ ಕ್ರಮದಲ್ಲಿ ನೋಡಬೇಕು?

2009ರ ಏಪ್ರಿಲ್‌ನಿಂದ ಜೂನ್‌ವರೆಗೆ ಪ್ರಸಾರವಾದ 13 ಕಂತುಗಳ ಮೊದಲ ಸೀಸನ್, 2010ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ 26 ಕಂತುಗಳ ಎರಡನೆಯ ಸೀಸನ್, ಬಳಿಕ 2011ರ ಡಿಸೆಂಬರ್‌ನಲ್ಲಿ ತೆರೆಕಂಡ, ಲಂಡನ್ ಪ್ರವಾಸದ ಚಲನಚಿತ್ರ. ಮೊದಲ ಸೀಸನ್ ಎರಡು ವರ್ಷಗಳನ್ನು ಹದಿಮೂರೇ ಕಂತುಗಳಲ್ಲಿ ಓಡಿಸಿದರೆ, ಎರಡನೆಯದು ಕೊನೆಯ ಒಂದು ವರ್ಷಕ್ಕೆ ಅದರ ಎರಡರಷ್ಟು ಜಾಗ ಕೊಡುತ್ತದೆ. ಮಳೆಗಾಲದ ಒಂದು ದಿನ, ಕೋಣೆ ಗುಡಿಸುವ ಒಂದು ದಿನ, ಬೇಸಗೆಯ ಸೆಕೆಯ ಒಂದು ದಿನ, ಹೀಗೆ. ಮೊದಲ ಸೀಸನ್ನಿನ ಅವಸರವೇ ಅದರ ದೊಡ್ಡ ದೋಷವೆಂದು ಎರಡನೆಯದನ್ನು ನೋಡಿದ ಮೇಲಷ್ಟೇ ಗೊತ್ತಾಗುತ್ತದೆ.

ಡಬ್ಬಿಂಗ್ ಒಳ್ಳೆಯದೋ, ಸಬ್‌ಟೈಟಲ್ ಒಳ್ಳೆಯದೋ?

ಇಂಗ್ಲಿಷ್ ಡಬ್ಬಿಂಗ್ ಲಭ್ಯವಿದೆ, ಆದರೆ ಜಪಾನಿ ಧ್ವನಿಯನ್ನೇ ಆರಿಸಿಕೊಳ್ಳುವುದು ಉತ್ತಮ. ಹಾಡಿದವರೂ ಮಾತಾಡಿದವರೂ ಒಬ್ಬರೇ ಎಂಬುದು ಈ ಸರಣಿಯಲ್ಲಿ ಮುಖ್ಯ. ಒಂದೇ ತೊಂದರೆಯೆಂದರೆ, ಸಬ್‌ಟೈಟಲ್ ಓದುತ್ತ ಕುಳಿತರೆ ಚಿತ್ರದ ಕೆಳಭಾಗದ ಕಾಲುಗಳು ತಪ್ಪಿಹೋಗುತ್ತವೆ.

ಮಕ್ಕಳ ಜೊತೆ ನೋಡಬಹುದೇ?

ಹತ್ತು ಹನ್ನೆರಡು ದಾಟಿದವರ ಜೊತೆ ಧಾರಾಳವಾಗಿ ನೋಡಬಹುದು. ಮೇಲೆ ಹೇಳಿದ ವೇಷದ ಪ್ರಸಂಗಗಳನ್ನು ಬಿಟ್ಟರೆ ಮುಜುಗರದ ಸಂಗತಿಗಳಿಲ್ಲ. ಹಿಂಸೆಯಂತೂ ಇಲ್ಲವೇ ಇಲ್ಲ.

ಎಷ್ಟು ಕಂತು ನೋಡಿದ ಮೇಲೆ ಬಿಡಬಹುದು?

ಮೂರು ಕಂತು ನೋಡಿ ನಿರ್ಧರಿಸುವ ವಾಡಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಆ ಮೂರೂ ಪರಿಚಯದ ಕಂತುಗಳು, ಮೂರನೆಯದು ಅವುಗಳಲ್ಲೇ ಸಪ್ಪೆಯಾದದ್ದು. ನಾಲ್ಕನೆಯದರಲ್ಲಿ ರಾತ್ರಿ ಸಮುದ್ರ ತೀರದಲ್ಲಿ ಪಟಾಕಿಗಳ ಬೆಳಕನ್ನೇ ವೇದಿಕೆಯಾಗಿಸಿಕೊಂಡು ಯುಯಿ ನಿಲ್ಲುವ ದೃಶ್ಯವಿದೆ. ಆರನೆಯದರಲ್ಲಿ ಶಾಲಾ ಉತ್ಸವವಿದೆ. ಅಲ್ಲಿಯವರೆಗೆ ನೋಡಿಯೂ ಮನಸ್ಸು ತೊಡಗದಿದ್ದರೆ, ಎರಡನೆಯ ಸೀಸನ್ನಿನ ಮೊದಲ ಕಂತನ್ನು ನೇರವಾಗಿ ನೋಡಬಹುದು; ಕಥೆ ತಪ್ಪಿಹೋಗುವ ಭಯವಿಲ್ಲ, ನಿರ್ದೇಶಕಿಯ ಕೈ ಅಲ್ಲಿ ಹೆಚ್ಚು ಪಳಗಿದೆ. ಅದೂ ಹಿಡಿಸದವರಿಗೆ, ಗುರಿ, ಸ್ಪರ್ಧೆ, ಸೋಲಿನ ಕಣ್ಣೀರು ಇರುವ ಶಾಲಾ ಸಂಗೀತದ ಕಥೆಯೇ ಬೇಕೆನ್ನುವವರಿಗೆ, ಇದೇ ಸ್ಟುಡಿಯೊ 2015ರಲ್ಲಿ ಆರಂಭಿಸಿದ, ಉಜಿಯ ಶಾಲಾ ವಾದ್ಯವೃಂದವೊಂದನ್ನು ಕುರಿತ ‘ಹಿಬಿಕೆ! ಯೂಫೋನಿಯಂ’ ಹೆಚ್ಚು ಒಗ್ಗಬಹುದು. ಅದರಲ್ಲಿ ಯಾರೂ ಚಹಾಕ್ಕಾಗಿ ಅಭ್ಯಾಸ ನಿಲ್ಲಿಸುವುದಿಲ್ಲ.